ಪಟ್ಟಿಯಲ್ಲಿ ಎರಡನೆಯವರು, ಫ್ರೀಜರಿನಲ್ಲಿ ಎಷ್ಟನೆಯವರು? ಜೈವಿಕ ತಂತ್ರಜ್ಞಾನದಲ್ಲಿ ದೇಶಗಳ ಪ್ರಭಾವ ಕುರಿತು

ಮೈನಸ್ ಇಪ್ಪತ್ತು (ಚರ್ಚೆ ಆರಂಭಿಸಿದವರು):

ಆಸ್ಟ್ರೇಲಿಯದ ಸ್ಟ್ರಾಟೆಜಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ತಂತ್ರಜ್ಞಾನಗಳ ಪಟ್ಟಿಯನ್ನು ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಈಗಲೂ ಆಗಾಗ ಯಾರಾದರೊಬ್ಬರು ಹಂಚುತ್ತಿರುತ್ತಾರೆ. ಅದರಲ್ಲಿ ಜೈವಿಕ ಉತ್ಪಾದನೆ ಎಂಬ ವಿಭಾಗದಲ್ಲಿ ಭಾರತ ಅಮೆರಿಕವನ್ನು ಹಿಂದಿಕ್ಕಿ ಚೀನಾದ ನಂತರದ ಎರಡನೆಯ ಸ್ಥಾನಕ್ಕೆ ಬಂದಿದೆ. ಒಟ್ಟು 64 ತಂತ್ರಜ್ಞಾನಗಳ ಪೈಕಿ 45ರಲ್ಲಿ ಭಾರತ ಮೊದಲ ಐವರಲ್ಲಿದೆ. ಪಟ್ಟಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಏನನ್ನು ಅಳೆಯುತ್ತದೆ ಎಂಬುದನ್ನು ಅದನ್ನು ಮಾಡಿದವರೇ ತೆರೆದಿಟ್ಟಿದ್ದಾರೆ: ಇತ್ತೀಚಿನ ಐದು ವರ್ಷಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರಕ್ಕೆ ಹತ್ತರಷ್ಟು ಪ್ರಬಂಧಗಳಲ್ಲಿ ಯಾವ ದೇಶದ ಪಾಲು ಎಷ್ಟು ಎಂಬ ಲೆಕ್ಕ ಅದು. ನನ್ನ ತಕರಾರು ಆ ಲೆಕ್ಕವನ್ನು ನಾವು ‘ಪ್ರಭಾವ’ ಎಂದು ಓದಿಕೊಳ್ಳುವುದರ ಬಗ್ಗೆ.

ನಾನು ವಿಜ್ಞಾನಿಯಲ್ಲ. ಬೆಂಗಳೂರಿನ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷ ಸಾಮಗ್ರಿ ತರಿಸುವ, ಎಣಿಸುವ, ಕಾಯುವ ಕೆಲಸ ಮಾಡಿದವನು. ಮೈನಸ್ ಇಪ್ಪತ್ತು ಡಿಗ್ರಿಯ ಫ್ರೀಜರಿನ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಅದರ ಎರಡನೆಯ ಅರೆಯಲ್ಲಿ ಎಂಜೈಮುಗಳ ನೀಲಿ ಡಬ್ಬಿಗಳು. ಒಂದೊಂದು ಕೊಳವೆಯೂ ಕಿರುಬೆರಳಿನ ಅರ್ಧದಷ್ಟು, ಒಳಗೆ ಗ್ಲಿಸರಾಲ್ ಬೆರೆತ ದ್ರವ ಒಂದೆರಡು ಹನಿ, ಬೆಲೆ ನನ್ನ ಒಂದು ವಾರದ ಸಂಬಳ. ಒಮ್ಮೆ ಅಮೆರಿಕದಿಂದ ಹೊರಟ ಪೆಟ್ಟಿಗೆಯೊಂದು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕಾಗದಪತ್ರದ ಯಾವುದೋ ಕೊರತೆಗೆ ಐದು ದಿನ ಕುಳಿತುಬಿಟ್ಟಿತು. ನನ್ನ ಕೈಗೆ ಬಂದಾಗ ಒಣ ಮಂಜುಗಡ್ಡೆಯೆಲ್ಲ ಆವಿಯಾಗಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ಕೈಯಿಟ್ಟರೆ ಮಧ್ಯಾಹ್ನದ ಬಿಸಿಲಿಗಿಟ್ಟ ಪಾತ್ರೆಯಂತೆ ಬೆಚ್ಚಗಿತ್ತು. ಮೂವರು ವಿದ್ಯಾರ್ಥಿಗಳ ಕೆಲಸ ಆರು ವಾರ ನಿಂತಿತು. ಅವರ ಪೈಕಿ ಒಬ್ಬರ ಪ್ರಬಂಧ ಮುಂದೆ ಒಳ್ಳೆಯ ಪತ್ರಿಕೆಯಲ್ಲಿ ಬಂದು ಚೆನ್ನಾಗಿಯೇ ಉಲ್ಲೇಖಗೊಂಡಿದೆ. ಇಂಥ ಪಟ್ಟಿಗಳಲ್ಲಿ ಅದು ಭಾರತದ ಅಂಕವಾಗಿ ಸೇರುತ್ತದೆ. ಆರು ವಾರ ಯಾವ ದೇಶದ ಕಡೆ ಮುಖ ಮಾಡಿ ಕುಳಿತಿದ್ದೆವು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಆದ್ದರಿಂದ ನಾನು ಬೇರೊಂದು ಅಳತೆಗೋಲನ್ನು ಮುಂದಿಡುತ್ತೇನೆ. ಒಂದು ದೇಶ ನಾಳೆ ಬೆಳಿಗ್ಗೆ ತನ್ನ ಕೊಡುಗೆಯನ್ನು ಹಿಂದಕ್ಕೆ ಪಡೆದರೆ ಉಳಿದವರ ಎಷ್ಟು ಮೇಜುಗಳಲ್ಲಿ ಕೆಲಸ ನಿಲ್ಲುತ್ತದೆ? ಡಿಎನ್‌ಎಯನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ವಿಧಾನವನ್ನೇ ನೋಡಿ. ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ 1966ರಲ್ಲಿ ಅಮೆರಿಕದ ಯೆಲ್ಲೊಸ್ಟೋನಿನ ಬಿಸಿನೀರ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾ ತೆಗೆದು 1969ರಲ್ಲಿ ವರದಿ ಮಾಡಿದರು. ಕ್ಯಾರಿ ಮುಲಿಸ್ 1983ರಲ್ಲಿ ಸೀಟಸ್ ಎಂಬ ಕಂಪನಿಯಲ್ಲಿದ್ದಾಗ ಡಿಎನ್‌ಎಯನ್ನು ಪ್ರತಿ ಮಾಡುವ ಉಪಾಯ ಹೂಡಿದರು. ಕುದಿಯುವ ಬಿಸಿಗೂ ಕೆಡದ ಆ ಬ್ಯಾಕ್ಟೀರಿಯಾದ ಟ್ಯಾಕ್ ಎಂಜೈಮು ಅದಕ್ಕೆ ಸೇರಿದ ಮೇಲೆ ಜಗತ್ತಿನ ಪ್ರತಿ ಪ್ರಯೋಗಾಲಯದಲ್ಲೂ ಅದೊಂದು ಕುಕ್ಕರಿನಷ್ಟು ಮಾಮೂಲಿ ವಸ್ತುವಾಯಿತು. ಈಗ ಪಿಸಿಆರ್ ಮಾಡುವವರು ಬ್ರಾಕ್ ಅವರ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ, ಬೇಕಾಗಿಯೂ ಇಲ್ಲ. ಅತಿ ಆಳವಾದ ಪ್ರಭಾವಕ್ಕೆ ಉಲ್ಲೇಖದ ಹಂಗಿರುವುದಿಲ್ಲ ಎಂಬುದು ನನ್ನ ವಾದ. ಜೀನುಗಳ ಅನುಕ್ರಮಗಳನ್ನು ಕೂಡಿಡುವ ದತ್ತಾಂಶ ಕೋಶಗಳದ್ದೂ ಇದೇ ಕಥೆ. ಅಮೆರಿಕದ ಜೆನ್‌ಬ್ಯಾಂಕ್, ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿನ ಜೈವಿಕ ಮಾಹಿತಿ ಸಂಸ್ಥೆ, ಜಪಾನಿನ ಡಿಡಿಬಿಜೆ ಎಂಬ ಮೂರೂ ಪ್ರತಿದಿನ ಪರಸ್ಪರ ಮಾಹಿತಿ ಹಂಚಿಕೊಳ್ಳುತ್ತವೆ, ನಾವೆಲ್ಲ ಅವುಗಳ ಮೇಲೆ ನಿಂತಿದ್ದೇವೆ.

ಒಂದು ಕೋರಿಕೆ. ಪ್ರಯೋಗಾಲಯದಲ್ಲಿ ಇರುವವರು ನಿಮ್ಮ ಫ್ರೀಜರಿನ ಒಂದು ಡಬ್ಬಿಯನ್ನು ತೆರೆದು ಯಾವುದು ಎಲ್ಲಿಂದ ಬಂದದ್ದೆಂದು ಎಣಿಸಿ ಇಲ್ಲಿ ಬರೆಯಿರಿ.


ಅಂಕಿಅಂಶ ಅಣ್ಣಯ್ಯ:

ಮೈನಸ್ ಇಪ್ಪತ್ತು ಅವರ ಬರಹ ಓದಲು ಸೊಗಸಾಗಿದೆ, ಆದರೆ ಅವರ ಫ್ರೀಜರ್ ಹೇಳುವುದು ನಿನ್ನೆಯ ಕಥೆಯನ್ನು. ಡಬ್ಬಿಯಲ್ಲಿರುವುದು 1970–80ರ ದಶಕಗಳ ಆವಿಷ್ಕಾರಗಳ ಬಡ್ಡಿ. ಯಾರು ಈಗ ಅಸಲು ಹೂಡುತ್ತಿದ್ದಾರೆ ಎಂದು ತಿಳಿಯಬೇಕಾದರೆ ಪ್ರಬಂಧಗಳನ್ನೇ ನೋಡಬೇಕು. ಅದೇ ಪಟ್ಟಿಯ ಇನ್ನೊಂದು ಅಂಕಿಯನ್ನು ಅವರು ಬಿಟ್ಟಿದ್ದಾರೆ: 2003ರಿಂದ 2007ರವರೆಗಿನ ಅವಧಿಯಲ್ಲಿ 64 ತಂತ್ರಜ್ಞಾನಗಳ ಪೈಕಿ 60ರಲ್ಲಿ ಅಮೆರಿಕ ಮೊದಲಿತ್ತು, ಚೀನಾ ಮೊದಲಿದ್ದದ್ದು ಮೂರರಲ್ಲಿ ಮಾತ್ರ. 2019ರಿಂದ 2023ರ ಅವಧಿಗೆ ಬಂದರೆ 57ರಲ್ಲಿ ಚೀನಾ, ಏಳರಲ್ಲಿ ಅಮೆರಿಕ. ಜೀವಕೋಶಗಳನ್ನು ಬೇಕಾದಂತೆ ಹೊಸದಾಗಿ ರೂಪಿಸುವ ಸಿಂಥೆಟಿಕ್ ಬಯಾಲಜಿಯಲ್ಲಿ ಚೀನಾ ಬಹಳ ಮುಂದಿದೆ. ಲಸಿಕೆಗಳ ವಿಭಾಗದಲ್ಲಿ ಅಮೆರಿಕ ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.

ಉಲ್ಲೇಖದ ಲೆಕ್ಕದಲ್ಲಿ ದೋಷಗಳಿಲ್ಲವೆಂದಲ್ಲ. ದೊಡ್ಡ ದೇಶದ ಸಂಶೋಧಕರು ತಮ್ಮ ದೇಶದವರನ್ನೇ ಹೆಚ್ಚು ಉಲ್ಲೇಖಿಸುತ್ತಾರೆ; ಊರ ತುಂಬ ನೆಂಟರಿದ್ದವನಿಗೆ ಮದುವೆಯ ಮುಯ್ಯಿ ಹೆಚ್ಚು ಬಂದಂತೆ. ಹಾಗೆಂದು ಚೀನಾದ್ದು ಬರೀ ಮುಯ್ಯಿ ಎಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಗಮನಿಸಲಿ. ಮಾನವ ಜೀನೋಮ್ ಯೋಜನೆಯಲ್ಲಿ ಚೀನಾದ ಪಾಲು ನೂರಕ್ಕೆ ಒಂದು ಭಾಗ. 2010ರಲ್ಲಿ ಅಲ್ಲಿನ ಬಿಜಿಐ ಎಂಬ ಜೀನೋಮ್ ಸಂಸ್ಥೆ ಅಮೆರಿಕದ ಇಲ್ಯುಮಿನಾ ಕಂಪನಿಯಿಂದ ಒಂದೇ ಏಟಿಗೆ ಡಿಎನ್‌ಎ ಓದುವ 128 ಅನುಕ್ರಮಣ ಯಂತ್ರಗಳಿಗೆ ಬೇಡಿಕೆಯಿಟ್ಟಾಗ ಅದು ಮೈನಸ್ ಇಪ್ಪತ್ತು ಅವರ ಅಳತೆಯಲ್ಲಿ ಪೂರ್ತಿ ಪರಾವಲಂಬನೆಯೇ ಆಗಿತ್ತು. ಆದರೆ ಮೂರು ವರ್ಷಗಳಲ್ಲಿ ಅದು ಕ್ಯಾಲಿಫೋರ್ನಿಯಾದ ಕಂಪ್ಲೀಟ್ ಜಿನೋಮಿಕ್ಸ್ ಕಂಪನಿಯನ್ನೇ ಕೊಂಡು, ಆ ತಂತ್ರದ ಮೇಲೆ ತನ್ನದೇ ಯಂತ್ರಗಳನ್ನು ಕಟ್ಟಿ, ಇಂದು ಅವನ್ನು ಮಾರುತ್ತಿದೆ. ಕೊಂಡದ್ದನ್ನು ಬಿಚ್ಚಿ ನೋಡುವವನ ಅವಲಂಬನೆಯೂ ಬಳಸಿ ಬಿಸಾಡುವವನ ಅವಲಂಬನೆಯೂ ಒಂದೇ ಅಲ್ಲ. ಅದನ್ನು ನಿಮ್ಮ ಡಬ್ಬಿ ತೋರಿಸುವುದಿಲ್ಲ.

ಇನ್ನು ಔಷಧದ ವಿಷಯ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಆಕೆಸೊ ಕಂಪನಿಯ ಐವೊನೆಸ್ಕಿಮ್ಯಾಬ್ ಎಂಬ ಪ್ರತಿಕಾಯವನ್ನು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಜಗತ್ಪ್ರಸಿದ್ಧ ಔಷಧ ಕೀಟ್ರೂಡಾದ ಎದುರು ನೇರವಾಗಿ ಹೋಲಿಸಿದ ಫಲಿತಾಂಶ 2024ರ ಸೆಪ್ಟೆಂಬರ್‌ನಲ್ಲಿ ಬಂತು. ರೋಗ ಉಲ್ಬಣಿಸದೆ ಉಳಿದ ಮಧ್ಯಮಾವಧಿ ಕೀಟ್ರೂಡಾ ಪಡೆದವರಲ್ಲಿ 5.82 ತಿಂಗಳು, ಐವೊನೆಸ್ಕಿಮ್ಯಾಬ್ ಪಡೆದವರಲ್ಲಿ 11.14 ತಿಂಗಳು. ಆ ಪರೀಕ್ಷೆ ಚೀನಾದೊಳಗೆ ಮಾತ್ರ ನಡೆದದ್ದು, ನಿಜ. ಆದರೂ ಅದನ್ನು ಉಲ್ಲೇಖಗಳ ಆಟ ಎಂದು ಕರೆಯಲಾಗದು.


ಎರಡನೇ ವರ್ಷದ ಪಿಎಚ್‌ಡಿ:

ಒಂದು ಸಣ್ಣ ಸಂದೇಹ. ಇಬ್ಬರೂ ‘ಇದು ಅಮೆರಿಕದ್ದು, ಅದು ಚೀನಾದ್ದು’ ಎಂದು ಸಲೀಸಾಗಿ ಬರೆಯುತ್ತಿದ್ದೀರಿ. ನಾನು ದಿನವೂ ಬಳಸುವ ಕ್ರಿಸ್ಪರ್, ಅಂದರೆ ಜೀನ್ ತಿದ್ದುವ ಕತ್ತರಿ, ಯಾವ ದೇಶದ್ದು? ಅದಕ್ಕೆ 2020ರ ನೊಬೆಲ್ ಪಡೆದವರಲ್ಲಿ ಒಬ್ಬರು ಫ್ರಾನ್ಸಿನವರು, ಇನ್ನೊಬ್ಬರು ಅಮೆರಿಕದವರು. ಅಲ್ಲಿಗೇ ಎರಡು ದೇಶಗಳಾದವು. ಎಣಿಕೆ ಆಮೇಲಿನ ಮಾತು. ಫ್ರೀಜರಿನ ಡಬ್ಬಿ ಎಣಿಸಿ ಹಾಕುತ್ತೇನೆ, ಈ ವಾರ ಪ್ರಯೋಗಾಲಯದ ಸಭೆ ಇದೆ.


ಮೊಸರಿನ ಬೀಜ:

ಈ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಕ್ರಿಸ್ಪರ್ ಕಥೆಯ ಅತ್ಯುತ್ತಮ ಭಾಗ ಮೊಸರಿನಲ್ಲಿದೆ.

1987ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಯೊಶಿಜುಮಿ ಇಶಿನೊ ಮತ್ತು ಸಂಗಡಿಗರು ಇ. ಕೊಲೈ ಬ್ಯಾಕ್ಟೀರಿಯಾದ ಒಂದು ಜೀನನ್ನು ಓದುತ್ತಿದ್ದಾಗ ಪಕ್ಕದಲ್ಲಿ ಮತ್ತೆ ಮತ್ತೆ ಮರುಕಳಿಸುವ ವಿಚಿತ್ರ ಅನುಕ್ರಮ ಕಂಡರು. ಅದರ ಅರ್ಥವೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸ್ಪೇನಿನ ಅಲಿಕಾಂಟೆಯಲ್ಲಿ ಫ್ರಾನ್ಸಿಸ್ಕೊ ಮೊಹಿಕಾ ಉಪ್ಪುನೀರಿನ ಸೂಕ್ಷ್ಮಜೀವಿಗಳಲ್ಲಿ ಅಂಥದ್ದನ್ನೇ ಕಂಡು, ವರ್ಷಗಟ್ಟಲೆ ಬೆನ್ನುಹತ್ತಿ, ಇದು ವೈರಸ್ಸುಗಳ ವಿರುದ್ಧದ ರಕ್ಷಣೆಯಿರಬಹುದು ಎಂಬ ಊಹೆಗೆ ಬಂದರು. ಕ್ರಿಸ್ಪರ್ ಎಂಬ ಹೆಸರು 2002ರಲ್ಲಿ ನೆದರ್ಲೆಂಡ್ಸಿನವರ ಪ್ರಬಂಧದಲ್ಲಿ ಮೊದಲು ಅಚ್ಚಾಯಿತು. ಊಹೆಯನ್ನು ಪ್ರಯೋಗದಿಂದ ರುಜುವಾತು ಮಾಡಿದವರು ಡೆನ್ಮಾರ್ಕಿನ ಡಾನಿಸ್ಕೊ ಎಂಬ ಆಹಾರ ಸಾಮಗ್ರಿಗಳ ಕಂಪನಿಯ ಸಂಶೋಧಕರು, 2007ರಲ್ಲಿ. ಮೊಸರು ಮತ್ತು ಚೀಸ್ ಹೆಪ್ಪಿಡುವ ಬ್ಯಾಕ್ಟೀರಿಯಾವನ್ನು ವೈರಸ್ ಬಂದು ಕೊಂದರೆ ಇಡೀ ತೊಟ್ಟಿಯ ಹಾಲು ವ್ಯರ್ಥ; ಅದನ್ನು ತಪ್ಪಿಸುವುದು ಅವರ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ನಮ್ಮ ಮನೆಗಳಲ್ಲಿ ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತೇವೆ, ಅವರು ಪ್ರಬಂಧ ಬರೆದರು. 2012ರಲ್ಲಿ ಲಿಥುವೇನಿಯದ ವಿಲ್ನಿಯಸ್‌ನಲ್ಲಿ ವಿರ್ಜಿನಿಜಸ್ ಶಿಕ್ಷ್ನಿಸ್, ಅದೇ ವರ್ಷ ಸ್ವೀಡನ್ನಿನ ಉಮೆಒದಲ್ಲಿದ್ದ ಎಮ್ಯಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಬರ್ಕ್ಲಿಯ ಜೆನಿಫರ್ ಡೌಡ್ನಾ ಇದನ್ನು ಡಿಎನ್‌ಎ ಕತ್ತರಿಸುವ ಸಾಧನವೆಂದು ತೋರಿಸಿದರು. 2013ರಲ್ಲಿ ಬಾಸ್ಟನ್ ಬಳಿಯ ಬ್ರಾಡ್ ಸಂಸ್ಥೆಯ ಫೆಂಗ್ ಜಾಂಗ್ ಮಾನವ ಕೋಶಗಳಲ್ಲಿ ಅದನ್ನು ಬಳಸಿದರು. ಅವರು ಹುಟ್ಟಿದ್ದು ಚೀನಾದಲ್ಲಿ. ಕೊನೆಗೆ ಕುಡುಗೋಲು ಕೋಶ ರೋಗಕ್ಕೆ ಕ್ರಿಸ್ಪರ್ ಆಧಾರಿತ ಚಿಕಿತ್ಸೆಯಾದ ಕ್ಯಾಸ್ಜೆವಿಗೆ 2023ರ ನವೆಂಬರ್‌ನಲ್ಲಿ ಜಗತ್ತಿನಲ್ಲೇ ಮೊದಲು ಅನುಮತಿ ಕೊಟ್ಟದ್ದು ಬ್ರಿಟನ್.

ಹೀಗೆ ಎಂಟು ದೇಶಗಳನ್ನು ಹಾದು ಬಂದ ಕತ್ತರಿಯ ಮೇಲೆ ಪೇಟೆಂಟಿನ ಹಿಡಿ ಹಾಕಿಸಿಕೊಂಡವರಲ್ಲಿ ಅಮೆರಿಕದ ಸಂಸ್ಥೆಗಳೇ ಪ್ರಮುಖ. ಹುಟ್ಟಿದ ಊರು ಬೇರೆ, ಖಾತೆ ಇರುವ ಊರು ಬೇರೆ. ನಮ್ಮ ಕೃಷಿ ಸಂಶೋಧನಾ ಮಂಡಳಿ 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು, ಕಮಲಾ ಮತ್ತು ಪೂಸಾ ಡಿಎಸ್‌ಟಿ ರೈಸ್ 1 ಎಂಬ ಹೆಸರುಗಳಲ್ಲಿ, ಪ್ರಕಟಿಸಿದಾಗ ಎದ್ದ ಮೊದಲ ಪ್ರಶ್ನೆಗಳಲ್ಲಿ ಒಂದು ಈ ಖಾತೆಯದ್ದೇ ಆಗಿತ್ತು.

ಅಂಕಿಅಂಶ ಅಣ್ಣಯ್ಯ ಹೇಳಿದ ಕೀಟ್ರೂಡಾವನ್ನೂ ಹೀಗೆ ಬಿಡಿಸಬಹುದು. ಅದು ಹಿಡಿಯುವ ಪಿಡಿ-1 ಎಂಬ ಪ್ರೋಟೀನನ್ನು 1992ರಲ್ಲಿ ಕಂಡುಹಿಡಿದದ್ದು ಕ್ಯೋಟೊದ ತಾಸುಕು ಹೊಂಜೊ ಅವರ ತಂಡ. ಔಷಧದ ಪ್ರತಿಕಾಯವನ್ನು ರೂಪಿಸಿದ್ದು ನೆದರ್ಲೆಂಡ್ಸಿನ ಓಸ್ ಪಟ್ಟಣದ ಆರ್ಗನಾನ್ ಕಂಪನಿಯಲ್ಲಿ. ಇಂದು ಅದು ಅಮೆರಿಕದ ಮರ್ಕ್ ಕಂಪನಿಯ ಆಸ್ತಿ.


ಓರೆಸುಂಡ್ ದಂಡೆಯಿಂದ:

ನಾನು ಹತ್ತು ವರ್ಷಗಳಿಂದ ಕೋಪನ್‌ಹೇಗನ್‌ನಲ್ಲಿದ್ದೇನೆ. ಡೆನ್ಮಾರ್ಕಿನ ಹೆಸರು ಮೊಸರಿನ ನೆಪದಲ್ಲಿ ಮಾತ್ರ ಬಂದದ್ದು ಕಂಡು ಬರೆಯದಿರಲಾಗಲಿಲ್ಲ. ಜನಸಂಖ್ಯೆ 60 ಲಕ್ಷ, ಅಂದರೆ ಬೆಂಗಳೂರಿನ ಅರ್ಧಕ್ಕೂ ಕಡಿಮೆ. ಪ್ರಬಂಧಗಳ ಒಟ್ಟು ಎಣಿಕೆಯಲ್ಲಿ ಈ ದೇಶ ಎಂದಿಗೂ ಮೇಲಿನ ಸಾಲಿಗೆ ಬರಲಾರದು. ಆದರೆ ಆಗಸ್ಟ್ ಕ್ರೋಗ್ ಎಂಬ ನೊಬೆಲ್ ವಿಜೇತ ಶರೀರಶಾಸ್ತ್ರಜ್ಞ 1922ರಲ್ಲಿ ಉತ್ತರ ಅಮೆರಿಕದ ಪ್ರವಾಸದಲ್ಲಿದ್ದಾಗ, ಸ್ವತಃ ಮಧುಮೇಹಿಯಾಗಿದ್ದ ಪತ್ನಿ ಮಾರಿ ಅವರ ಒತ್ತಾಸೆಯಿಂದ ಟೊರಾಂಟೊಗೆ ಹೋಗಿ ಇನ್ಸುಲಿನ್ ತಯಾರಿಸುವ ಅನುಮತಿ ತಂದರು. ಅಂದು ನೆಟ್ಟದ್ದೇ ನೋವೋ ನಾರ್ಡಿಸ್ಕ್ ಆಗಿ ಬೆಳೆದು, ಮಧುಮೇಹಕ್ಕೂ ತೂಕ ಇಳಿಸಲೂ ಬಳಸುವ ಸೆಮಾಗ್ಲುಟೈಡ್ ಔಷಧದ ದೆಸೆಯಿಂದ 2023ರಲ್ಲಿ ಅದರ ಮಾರುಕಟ್ಟೆ ಮೌಲ್ಯ ಇಡೀ ದೇಶದ ವಾರ್ಷಿಕ ಉತ್ಪನ್ನವನ್ನೇ ಮೀರಿತ್ತು. ಬಟ್ಟೆ ಒಗೆಯುವ ಪುಡಿಯಿಂದ ಹಿಡಿದು ಬೇಕರಿಯ ಬ್ರೆಡ್ಡಿನವರೆಗೆ ಬಳಕೆಯಾಗುವ ಕೈಗಾರಿಕಾ ಎಂಜೈಮುಗಳಲ್ಲೂ ಅದೇ ಬೇರಿನ ಇನ್ನೊಂದು ಕೊಂಬೆ, ಹಿಂದಿನ ನೋವೋಜೈಮ್ಸ್, ಮುಂಚೂಣಿಯಲ್ಲಿದೆ.

ಇಲ್ಲಿನವರು ನೂರು ವಿಷಯಗಳಲ್ಲಿ ಕೈಯಾಡಿಸಲಿಲ್ಲ. ಒಂದು ಹಾರ್ಮೋನನ್ನು ನೂರು ವರ್ಷ ಬಿಡದೆ ಹಿಡಿದರು. ಪಟ್ಟಿ ಮಾಡುವವರು ಅಗಲವನ್ನು ಅಳೆಯುತ್ತಾರೆ, ಆಳ ಅದರಲ್ಲಿ ಕಾಣುವುದಿಲ್ಲ. ಒಂದೇ ಕಂಪನಿಯ ಮೇಲೆ ಒಂದು ದೇಶ ಇಷ್ಟು ವಾಲುವುದು ಕ್ಷೇಮವೇ ಎಂದು ಇಲ್ಲಿನ ಪತ್ರಿಕೆಗಳು ಕೇಳುತ್ತಲೇ ಇರುತ್ತವೆ. ಅದು ಬೇರೆಯೇ ಚರ್ಚೆ.


ಹಳೇ ಹವಾನಾ:

ಸಣ್ಣ ದೇಶಗಳ ಮಾತು ಬಂದದ್ದರಿಂದ ಕ್ಯೂಬಾವನ್ನೂ ಸೇರಿಸಿ. 1981ರಲ್ಲಿ ಆರು ಮಂದಿ ಕ್ಯೂಬನ್ನರು ಹೆಲ್ಸಿಂಕಿಗೆ ಹೋಗಿ ವಿಜ್ಞಾನಿ ಕಾರಿ ಕ್ಯಾಂಟೆಲ್ ಅವರಿಂದ ಇಂಟರ್‌ಫೆರಾನ್ (ವೈರಸ್ಸಿನ ವಿರುದ್ಧ ಮೈಯೇ ತಯಾರಿಸುವ ಪ್ರೋಟೀನ್) ತೆಗೆಯುವುದನ್ನು ಕಲಿತು ಬಂದರು. 1986ರ ಹೊತ್ತಿಗೆ ಹವಾನಾದಲ್ಲಿ ಜೆನೆಟಿಕ್ ಎಂಜಿನಿಯರಿಂಗ್ ಕೇಂದ್ರವೇ ಎದ್ದು ನಿಂತಿತ್ತು. ಅಮೆರಿಕದ ದಿಗ್ಬಂಧನದಿಂದಾಗಿ ಮೈನಸ್ ಇಪ್ಪತ್ತು ಅವರ ನೀಲಿ ಡಬ್ಬಿ ಅವರಿಗೆ ಸುಲಭವಾಗಿ ಸಿಗುತ್ತಲೇ ಇರಲಿಲ್ಲ. ಆದರೂ ಮೆನಿಂಜೈಟಿಸ್ ಬಿ ಲಸಿಕೆಯನ್ನು 1980ರ ದಶಕದ ಕೊನೆಗೇ ಮಾಡಿಕೊಂಡರು.

ಬೆಂಗಳೂರಿನ ಓದುಗರಿಗೆ ಹೇಳಲೇಬೇಕಾದ ಸಂಗತಿ ಮುಂದಿದೆ. ಬಯೋಕಾನ್ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಬಿಡುಗಡೆ ಮಾಡಿದ ನಿಮೋಟುಜುಮ್ಯಾಬ್ ಹುಟ್ಟಿದ್ದು ಹವಾನಾದ ಮಾಲಿಕ್ಯುಲರ್ ಇಮ್ಯುನಾಲಜಿ ಕೇಂದ್ರದಲ್ಲಿ. 2013ರಲ್ಲಿ ಸೋರಿಯಾಸಿಸ್‌ಗೆ ಬಂದ ಐಟೊಲಿಜುಮ್ಯಾಬಿನ ಮೂಲವೂ ಅಲ್ಲಿಯದೇ. ಕ್ಯೂಬಾದ ಬಿತ್ತನೆ, ಬೆಂಗಳೂರಿನ ಬೆಳೆ. ಯಾವ ದೇಶದ ಪ್ರಭಾವ ಯಾವ ದೇಶದ ಮೇಲೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಕ್ಯೂಬಾದ ಹೆಸರು ಹೇಳುತ್ತಾರೆ? ನಿಮ್ಮ ಆಸ್ಟ್ರೇಲಿಯದ ಪಟ್ಟಿಯಲ್ಲಿ ಅದನ್ನು ಹುಡುಕಿ ನೋಡಿ.


ಗುಳ್ಳದ ಗದ್ದೆ:

ಎಲ್ಲರೂ ಔಷಧದ ಸುತ್ತಲೇ ತಿರುಗುತ್ತಿದ್ದೀರಿ. ಜೈವಿಕ ತಂತ್ರಜ್ಞಾನ ನಮ್ಮ ರೈತರ ಮನೆ ಬಾಗಿಲಿಗೆ ಬಂದದ್ದು ಬೀಜದ ಪೊಟ್ಟಣದಲ್ಲಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಅದರಲ್ಲಿದ್ದ, ಕಾಯಿಕೊರಕ ಹುಳುವನ್ನು ಕೊಲ್ಲುವ ಕ್ರೈ1ಎಸಿ ಜೀನ್ ಅಮೆರಿಕದ ಮಾನ್ಸಾಂಟೊದ್ದು. ಕೆಲವೇ ವರ್ಷಗಳಲ್ಲಿ ಹಾವೇರಿಯಿಂದ ರಾಯಚೂರಿನವರೆಗೆ ಹತ್ತಿ ಎಂದರೆ ಬಿಟಿ ಹತ್ತಿಯೇ ಆಗಿಹೋಯಿತು. ಒಂದು ದೇಶದ ಸಂಶೋಧನೆ ಇನ್ನೊಂದು ದೇಶದ ಹೊಲದಲ್ಲಿ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಬೇರೂರಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನಂತರ ಬಂದದ್ದು ಬಿಟಿ ಬದನೆ. ಮಹಾರಾಷ್ಟ್ರದ ಮಹೈಕೊ ರೂಪಿಸಿದ್ದ ಅದನ್ನು ಸ್ಥಳೀಯ ತಳಿಗಳಿಗೆ ಸೇರಿಸುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇತ್ತು. ಅದಕ್ಕೆ ಆರಿಸಿಕೊಂಡ ತಳಿಗಳಲ್ಲಿ ಮಲಾಪುರ, ಕುಡಚಿ, ಮಂಜರಿ ಗೋಟಾಗಳ ಜೊತೆಗೆ ಉಡುಪಿಯ ಗುಳ್ಳವೂ ಸೇರಿತ್ತು. ನಾನು ಕಟಪಾಡಿ ಕಡೆಯವನು. ಮಟ್ಟುವಿನ ಗುಳ್ಳವೆಂದರೆ ನಮಗೆ ವಾದಿರಾಜರ ಪ್ರಸಾದ. ತಿಳಿಹಸಿರು ಮೈ, ತೆಳುವಾದ ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು, ಸಾಂಬಾರಿಗೆ ಹಾಕಿದರೆ ಬಾಯಲ್ಲಿ ಕರಗುವಂಥದ್ದು. ಅದಕ್ಕೆ ಜೀನ್ ಸೇರಿಸುತ್ತಾರಂತೆ ಎಂದಾಗ ಊರಿನಲ್ಲಿ ಎದ್ದ ಸಿಟ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ. 2010ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತು ಬಂತು.

ಅದೇ ಮಹೈಕೊದ ಬಿಟಿ ಬದನೆಯನ್ನು ಬಾಂಗ್ಲಾದೇಶ 2013ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡು, ಮರುವರ್ಷ ಇಪ್ಪತ್ತು ರೈತರ ಕೈಗೆ ಸಸಿ ಕೊಟ್ಟಿತು. ಇಂದು ಅಲ್ಲಿ ಸಾವಿರಾರು ರೈತರು ಬೆಳೆಯುತ್ತಾರೆ. ಅಂದರೆ ಭಾರತದಲ್ಲಿ ಆದ ಕೆಲಸ ಭಾರತದಲ್ಲಿ ನಿಂತು, ಬಾಂಗ್ಲಾದೇಶದಲ್ಲಿ ನಡೆಯಿತು. ತಡೆ ಸರಿಯೋ ತಪ್ಪೋ ಎಂದು ಇಲ್ಲಿ ಜಗಳ ತೆಗೆಯುವುದು ನನಗೆ ಬೇಡ (ಗುಳ್ಳದ ವಿಷಯದಲ್ಲಿ ನಾನು ಪಕ್ಷಪಾತಿ ಎಂದು ಒಪ್ಪಿಕೊಳ್ಳುತ್ತೇನೆ). ದೇಶದ ಪ್ರಭಾವವನ್ನು ನಿರ್ಧರಿಸುವುದರಲ್ಲಿ ಪ್ರಯೋಗಾಲಯದಷ್ಟೇ ಅನುಮತಿ ಕೊಡುವ ಮೇಜಿಗೂ ಪಾಲಿದೆ ಎಂಬುದಷ್ಟೇ ನನ್ನ ಮಾತು.


ಕಿಸೆ ತಡಕುವವ:

ಇಷ್ಟೆಲ್ಲ ಬೇಕೇ? ಭಾರತ ಸಂಶೋಧನೆಗೆ ಖರ್ಚು ಮಾಡುವುದು ದೇಶೀಯ ಉತ್ಪನ್ನದ ನೂರಕ್ಕೆ 0.64 ಭಾಗ. ಚೀನಾ ಎರಡೂವರೆಯ ಆಸುಪಾಸು, ದಕ್ಷಿಣ ಕೊರಿಯ ಸುಮಾರು ಐದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೊಂದರ ವಾರ್ಷಿಕ ಆಯವ್ಯಯ 2023ರಲ್ಲಿ ಸುಮಾರು 4,700 ಕೋಟಿ ಡಾಲರ್. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆಗೆ ಆ ಆಸುಪಾಸಿನಲ್ಲಿ ಸಿಗುತ್ತಿದ್ದದ್ದು ಎರಡು–ಮೂರು ಸಾವಿರ ಕೋಟಿ ರೂಪಾಯಿ. ಡಾಲರಿಗೂ ರೂಪಾಯಿಗೂ ಇರುವ ವ್ಯತ್ಯಾಸವನ್ನು ಸೇರಿಸಿಕೊಂಡು ಓದಿ. ಇಷ್ಟರಲ್ಲಿ ಎರಡನೆಯ ಸ್ಥಾನ ಬಂದಿದ್ದರೆ ಒಂದೋ ನಾವು ಬಹಳ ಜಾಣರು, ಇಲ್ಲವೇ ಪಟ್ಟಿಯಲ್ಲಿ ಏನೋ ಎಡವಟ್ಟಿದೆ.


ಮೈನಸ್ ಇಪ್ಪತ್ತು:

ಎರಡೂ ಇರಬಹುದು. ಜೈವಿಕ ಉತ್ಪಾದನೆ ಎಂಬ ವಿಭಾಗದಲ್ಲಿ ಕೃಷಿ ತ್ಯಾಜ್ಯದಿಂದ ಇಂಧನ, ಹುದುಗುವಿಕೆ, ಎಂಜೈಮು ಇಂಥವೆಲ್ಲ ಬರುತ್ತವೆ. ಕಡಿಮೆ ಹಣದಲ್ಲಿ ಹೆಚ್ಚು ಪ್ರಬಂಧ ಹೊರಬರಬಲ್ಲ ಕ್ಷೇತ್ರಗಳಿವು, ನಮ್ಮ ಕಾಲೇಜುಗಳಲ್ಲಿ ಕೆಲಸವೂ ತುಂಬಾ ನಡೆಯುತ್ತದೆ. ಅದನ್ನು ಹೀಗಳೆಯುವುದಿಲ್ಲ.

ಅಂಕಿಅಂಶ ಅಣ್ಣಯ್ಯ ಅವರು ಫ್ರೀಜರ್ ನಿನ್ನೆಯದನ್ನು ಹೇಳುತ್ತದೆ ಎಂದದ್ದನ್ನು ಒಪ್ಪುತ್ತೇನೆ. ಬಿಜಿಐ ಉದಾಹರಣೆ ನನ್ನ ವಾದದ ಒಂದು ಕಾಲನ್ನು ಮುರಿದಿದೆ. ಆದರೆ ಇನ್ನೊಂದು ಕಾಲು ಉಳಿದಿದೆ, ಏಕೆಂದರೆ ಅವರು ಕೊಂಡ ಇಲ್ಯುಮಿನಾ ಯಂತ್ರಗಳ ರಸಾಯನ ವಿಧಾನವೂ ಮೂಲತಃ ಅಮೆರಿಕದ್ದಲ್ಲ. ಅದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡೇವಿಡ್ ಕ್ಲೆನರ್‌ಮನ್ ಮತ್ತು ಮದರಾಸಿನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ರೂಪಿಸಿದ್ದು. ಅವರ ಸೊಲೆಕ್ಸಾ ಕಂಪನಿಯನ್ನು ಇಲ್ಯುಮಿನಾ 2007ರಲ್ಲಿ ಕೊಂಡಿತು. ಬ್ರಿಟನ್ನಿಗೆ ಇದು ಹಳೆಯ ಚಾಳಿ. 1975ರಲ್ಲಿ ಅದೇ ಕೇಂಬ್ರಿಜ್‌ನಲ್ಲಿ ಜರ್ಮನಿಯ ಕೋಲರ್ ಮತ್ತು ಅರ್ಜೆಂಟೀನಾ ಮೂಲದ ಮಿಲ್‌ಸ್ಟೈನ್ ಏಕತದ್ರೂಪಿ ಪ್ರತಿಕಾಯಗಳನ್ನು, ಅಂದರೆ ಒಂದೇ ಗುರಿಯನ್ನು ಹಿಡಿಯುವ ಒಂದೇ ಬಗೆಯ ರಕ್ಷಣಾ ಪ್ರೋಟೀನುಗಳನ್ನು, ತಯಾರಿಸುವ ವಿಧಾನ ಕಂಡುಹಿಡಿದಾಗ ಅದಕ್ಕೆ ಪೇಟೆಂಟ್ ಕೂಡ ಪಡೆಯಲಿಲ್ಲ. ಮೇಲೆ ಬಂದ ಕೀಟ್ರೂಡಾ, ನಿಮೋಟುಜುಮ್ಯಾಬ್, ಐವೊನೆಸ್ಕಿಮ್ಯಾಬ್ ಎಲ್ಲವೂ ಆ ಮರದ ಕಾಯಿಗಳೇ. ಪ್ರಭಾವದ ಲೆಕ್ಕದಲ್ಲಿ ಬ್ರಿಟನ್ ಗೆದ್ದಿತೋ ಸೋತಿತೋ? ನನಗಂತೂ ಗೆದ್ದಿತೆಂದೇ ಕಾಣುತ್ತದೆ. ಅಲ್ಲಿನ ಹಣಕಾಸು ಖಾತೆಯವರು ಒಪ್ಪಲಿಕ್ಕಿಲ್ಲ.

ಹಾಗಾದರೆ ಭಾರತ ಕೈಬಿಟ್ಟರೆ ಜಗತ್ತಿನಲ್ಲಿ ಏನು ನಿಲ್ಲುತ್ತದೆ? ಇದನ್ನು ಕೆಲವು ದಿನ ಯೋಚಿಸಿದೆ. ನಿಲ್ಲುವುದು ಪ್ರಯೋಗಾಲಯದ ಮೇಜಲ್ಲ, ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಹೆಪಟೈಟಿಸ್ ಬಿ ಲಸಿಕೆ ತಂದದ್ದು ಆಮದಿನ ಲಸಿಕೆಯ ಬೆಲೆಯನ್ನೇ ನೆಲಕ್ಕಿಳಿಸಿತು. ರೋಟಾವೈರಸ್ ಲಸಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ನವಜಾತ ಶಿಶುಗಳಲ್ಲಿ ರೋಗವುಂಟುಮಾಡದೆ ಇದ್ದ ಎರಡು ವೈರಸ್ ತಳಿಗಳು ಸಿಕ್ಕಿದ್ದವು: ದೆಹಲಿಯ ಏಮ್ಸ್‌ನಲ್ಲಿ ಎಂ. ಕೆ. ಭಾನ್ ಅವರ ತಂಡಕ್ಕೆ 116ಇ, ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಐ321. ಎರಡನ್ನೂ ಮಕ್ಕಳಲ್ಲಿ ಪರೀಕ್ಷಿಸಿದಾಗ ದೆಹಲಿಯದ್ದು ಹೆಚ್ಚು ಪ್ರತಿರೋಧ ಹುಟ್ಟಿಸಿತು, ನಮ್ಮದು ಹಿಂದೆ ಸರಿಯಿತು. ದೆಹಲಿಯ ತಳಿಯಿಂದ ಭಾರತ್ ಬಯೋಟೆಕ್ ತಯಾರಿಸಿದ ರೋಟಾವ್ಯಾಕ್ ಒಂದು ಡೋಸಿಗೆ ಒಂದು ಡಾಲರ್ ಎಂಬ ಮಾತಿನೊಂದಿಗೆ 2015ರಲ್ಲಿ ಬಿಡುಗಡೆಯಾಯಿತು. 2023ರ ಅಕ್ಟೋಬರ್‌ನಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19, ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಕಾರ್-ಟಿ ಚಿಕಿತ್ಸೆ (ರೋಗಿಯದೇ ರಕ್ಷಣಾ ಕೋಶಗಳನ್ನು ತಿದ್ದಿ ಕ್ಯಾನ್ಸರಿನ ಮೇಲೆ ಬಿಡುವುದು), ಬಂದ ಹೊಸದರಲ್ಲಿ ಸುಮಾರು 40 ಲಕ್ಷ ರೂಪಾಯಿಗೆ ದೊರಕುತ್ತಿತ್ತು. ಅಮೆರಿಕದಲ್ಲಿ ಅಂಥ ಚಿಕಿತ್ಸೆಗೆ ಮೂರು ಕೋಟಿ ರೂಪಾಯಿಗೂ ಹೆಚ್ಚು. ಹೊಸದನ್ನು ಹುಡುಕುವವರ ಪಟ್ಟಿಯಲ್ಲಿ ನಾವು ಎಷ್ಟನೆಯವರಾದರೂ ಇರಲಿ, ಹುಡುಕಿದ್ದನ್ನು ಕೈಗೆಟಕುವಂತೆ ಮಾಡುವುದರಲ್ಲಿ ಜಗತ್ತಿನ ಅರ್ಧ ಮಕ್ಕಳು ನಮ್ಮನ್ನು ನಂಬಿಕೊಂಡಿದ್ದಾರೆ.

ಇದಕ್ಕೂ ಯಾವ ಪಟ್ಟಿಯಲ್ಲೂ ಕಾಲಂ ಇದ್ದಂತಿಲ್ಲ. ಪಿಎಚ್‌ಡಿಯವರೇ, ಡಬ್ಬಿ ಏನಾಯಿತು?


ಎರಡನೇ ವರ್ಷದ ಪಿಎಚ್‌ಡಿ:

ತಡವಾಯಿತು, ಕ್ಷಮಿಸಿ. ನಿನ್ನೆ ರಾತ್ರಿ ಒಂಬತ್ತರ ಮೇಲೆ, ಯಾರೂ ಇಲ್ಲದಾಗ, ನನ್ನ ಡಬ್ಬಿಯನ್ನು ಮಂಜುಗಡ್ಡೆಯ ತಟ್ಟೆಯ ಮೇಲಿಟ್ಟುಕೊಂಡು ಎಣಿಸಿದೆ. ಒಟ್ಟು 37 ಕೊಳವೆಗಳು.

ಡಿಎನ್‌ಎ ಕತ್ತರಿಸುವ ಮತ್ತು ಅಂಟಿಸುವ ಎಂಜೈಮುಗಳು ಹನ್ನೊಂದು: ಒಂಬತ್ತು ಅಮೆರಿಕದವು, ಎರಡರ ಮೇಲೆ ವಿಲ್ನಿಯಸ್ ಎಂದು ಅಚ್ಚಾಗಿದೆ. ಮೊಸರಿನ ಬೀಜ ಅವರು ಹೇಳಿದ ಅದೇ ಊರು. ಎರಡು ವರ್ಷ ಬಳಸಿಯೂ ನಾನು ಆ ಚೀಟಿಯನ್ನು ಓದಿರಲಿಲ್ಲ. ಪ್ಲಾಸ್ಮಿಡ್‌ಗಳು (ಜೀನನ್ನು ಕೋಶದೊಳಗೆ ಒಯ್ಯುವ ಡಿಎನ್‌ಎ ಉಂಗುರಗಳು) ಎಂಟು, ಎಲ್ಲವೂ ಬಾಸ್ಟನ್ ಬಳಿಯ ಆಡ್‌ಜೀನ್ ಎಂಬ ಲಾಭರಹಿತ ಸಂಸ್ಥೆಯಿಂದ ಬಂದವು, ಅವುಗಳಲ್ಲಿ ಮೂರು ಫೆಂಗ್ ಜಾಂಗ್ ಅವರ ಪ್ರಯೋಗಾಲಯದವರು ಅಲ್ಲಿಗೆ ಕೊಟ್ಟವು. ಟ್ಯಾಕ್ ಎಂಜೈಮಿನ ನಾಲ್ಕು ಕೊಳವೆಗಳ ಮೇಲೆ ನನ್ನ ಹಿರಿಯರ ಕೈಬರಹವಿದೆ, ಏಕೆಂದರೆ ಅದನ್ನು ನಾವೇ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೆಗೆಯುತ್ತೇವೆ. ಕೊಂಡುಕೊಂಡದ್ದಕ್ಕಿಂತ ಸ್ವಲ್ಪ ಹಟಮಾರಿ, ಆದರೆ ಕೆಲಸ ನಿಂತಿಲ್ಲ. ಕೊಳವೆಗಳೂ ಅವನ್ನು ಇಟ್ಟ ಡಬ್ಬಿಯೂ ಚೀನಾದ್ದು.

ಉಳಿದ ಹದಿನಾಲ್ಕು ಪ್ರೈಮರ್‌ಗಳು, ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ತುಣುಕುಗಳು. ಅವು ಬೆಂಗಳೂರಿನಲ್ಲೇ ತಯಾರಾಗುತ್ತವೆ, ಸೋಮವಾರ ಹೇಳಿದರೆ ಬುಧವಾರ ಬೈಕಿನಲ್ಲಿ ಬರುತ್ತವೆ. ಖುಷಿಯಿಂದ ಅವನ್ನು ಭಾರತದ ಖಾತೆಗೆ ಬರೆದುಕೊಂಡೆ. ಆಮೇಲೆ ಅನುಮಾನ ಬಂದು, ಅವನ್ನು ಕಟ್ಟುವ ಯಂತ್ರ ಮತ್ತು ಅದಕ್ಕೆ ಹಾಕುವ ರಾಸಾಯನಿಕಗಳು ಎಲ್ಲಿಯವೆಂದು ಅಲ್ಲಿಯವರನ್ನು ಕೇಳಿ ಸಂದೇಶ ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.